ನೋಡಿದ್ರೆ ಗೊತ್ತಾಗಲ್ಲ

2015ರ ಏಪ್ರಿಲ್‌ನಲ್ಲಿ ನೈಜೀರಿಯಾದ ಒಬ್ಬ ಗಂಡಸು ಹಂಗೇರಿಯಲ್ಲಿ ಆಶ್ರಯ ಕೇಳಿದ. ತಾನು ಗೇ, ಅಂದರೆ ತನ್ನ ಒಲವು ಗಂಡಸರ ಕಡೆಗೆ, ವಾಪಸ್ ಹೋದರೆ ತನ್ನ ಮೇಲೆ ದೌರ್ಜನ್ಯ ಆಗುತ್ತದೆ ಎಂದ. ಅಧಿಕಾರಿಗಳು ಅವನ ಮಾತನ್ನೆಲ್ಲ ಕೇಳಿಸಿಕೊಂಡರು. ಹೇಳಿದ್ದರಲ್ಲಿ ಒಂದಕ್ಕೊಂದು ತಾಳೆಯಾಗದ್ದು ಅಂತ ದೊಡ್ಡದೇನೂ ಸಿಗಲಿಲ್ಲ. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿದರು. ಮಳೆಯಲ್ಲಿ ನಿಂತ ಮನುಷ್ಯನ ಚಿತ್ರ ಬರೆಸುವುದು ಒಂದು ಪರೀಕ್ಷೆ. ಶಾಯಿಯ ಕಲೆಗಳನ್ನು ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ರೋರ್ಶಾಕ್ ಇನ್ನೊಂದು. ಮೂರನೆಯದು ಸೋಂಡಿ ಪರೀಕ್ಷೆ. ಅದರಲ್ಲಿ 48 ಮುಖಗಳ ಫೋಟೋಗಳಿರುತ್ತವೆ. ಯಾರ ಮುಖ ಇಷ್ಟ, ಯಾರದ್ದು ಇಷ್ಟವಿಲ್ಲ ಎಂದು ಆರಿಸಬೇಕು. ಕೊನೆಗೆ ವರದಿ ಬಂತು: ಈತ ಗೇ ಅನ್ನುವುದನ್ನು ದೃಢಪಡಿಸಲು ಆಗುವುದಿಲ್ಲ. ಅರ್ಜಿ ತಿರಸ್ಕಾರವಾಯಿತು.

ಈ ಪ್ರಕರಣ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2018ರ ಜನವರಿ 25ರಂದು ತೀರ್ಪು ಬಂತು. ಒಬ್ಬರ ಲೈಂಗಿಕ ಒಲವು ನಿಜವೋ ಸುಳ್ಳೋ ಎಂದು ತಿಳಿಯಲು ಇಂಥ ಪರೀಕ್ಷೆಗಳನ್ನು ಬಳಸುವ ಹಾಗಿಲ್ಲ, ಅದು ಮನುಷ್ಯನ ಖಾಸಗಿ ಬದುಕಿಗೆ ಕೈ ಹಾಕಿದಂತೆ ಎಂದು ನ್ಯಾಯಾಲಯ ಹೇಳಿತು.

ಆ ಶಾಯಿ ಕಲೆಗಳು ಈ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಅದಕ್ಕೂ ಅರುವತ್ತು ವರ್ಷ ಮೊದಲೇ ತಿಳಿದಿತ್ತು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ 30 ಜನ ಗೇ ಗಂಡಸರನ್ನೂ 30 ಜನ ಸ್ಟ್ರೇಟ್, ಅಂದರೆ ಹೆಂಗಸರ ಕಡೆಗೆ ಒಲವಿರುವ, ಗಂಡಸರನ್ನೂ ಸೇರಿಸಿ ಒಂದು ಅಧ್ಯಯನ ಮಾಡಿದರು. ವಯಸ್ಸು, ಓದು, ಬುದ್ಧಿಮತ್ತೆಯಲ್ಲಿ ಇಬ್ಬಿಬ್ಬರು ಒಂದೇ ಸಮ ಇರುವಂತೆ ಜೋಡಿ ಮಾಡಿದರು. ಎಲ್ಲರಿಗೂ ರೋರ್ಶಾಕ್ ಮತ್ತು ಬೇರೆ ಕೆಲವು ಪರೀಕ್ಷೆ ಕೊಟ್ಟರು. ಉತ್ತರಗಳನ್ನು ಆ ಕಾಲದ ದೊಡ್ಡ ಪರಿಣತರ ಕೈಗೆ ಇಟ್ಟರು. ರೋರ್ಶಾಕ್ ವಿಷಯದಲ್ಲಿ ಹೆಸರು ಮಾಡಿದ್ದ ಬ್ರೂನೋ ಕ್ಲೋಫರ್ ಅವರಲ್ಲಿ ಒಬ್ಬರು. ಯಾರು ಯಾರು ಎಂದು ಹೆಸರಿರಲಿಲ್ಲ. ಯಾವುದು ಗೇ ವ್ಯಕ್ತಿಯ ಉತ್ತರ, ಯಾವುದು ಅಲ್ಲ ಅನ್ನುವುದನ್ನು ಅವರಿಂದ ಬೇರ್ಪಡಿಸಲು ಆಗಲಿಲ್ಲ. 1957ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಕಾಯಿಲೆಗಳ ಪಟ್ಟಿಯಿಂದ ತೆಗೆದು ಹಾಕಿದ್ದಕ್ಕೆ ಇದೂ ಒಂದು ಕಾರಣ.

ಗಂಟೆಗಟ್ಟಲೆ ಕೂತು ಉತ್ತರಗಳನ್ನು ಓದಿದ ಪರಿಣತರಿಗೆ ಆಗದ್ದು ನಮಗೆ ಒಂದು ನಿಮಿಷದಲ್ಲಿ ಆಗುತ್ತದೆ ಎಂದು ನಾವು ನಂಬಿದ್ದೇವೆ. ಯಾರೋ ಹೊಸಬರು ಕೋಣೆಗೆ ಬಂದು ಹೋದರೆ ಸಾಕು, "ಅವನು ಹಾಗೇ ಅನ್ಸುತ್ತೆ, ನೋಡಿದ್ರೆ ಗೊತ್ತಾಗಲ್ವಾ?" ಎಂದು ಯಾರಾದರೂ ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಹೀಗೆ ನೋಡಿಯೇ ಗೇ ಜನರನ್ನು ಗುರುತಿಸುವುದಕ್ಕೆ ಗೇಡಾರ್ ಅನ್ನುವ ಮಾತು ಎಲ್ಲ ಕಡೆ ಹಬ್ಬಿದೆ. ಅದೊಂದು ಕಲೆ, ತಮಗೆ ಅದು ಚೆನ್ನಾಗಿ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ.

ಈ ಅಂದಾಜಿಗೆ ನಾವು ನೋಡುವುದಾದರೂ ಏನನ್ನು? ಗಂಡಸಾದರೆ ದನಿ ಸ್ವಲ್ಪ ಮೆತ್ತಗಿರುವುದು, ಕೈ ಆಡಿಸುತ್ತಾ ಮಾತಾಡುವುದು, ಬಟ್ಟೆಯ ಬಗ್ಗೆ ಜಾಸ್ತಿ ಕಾಳಜಿ, ಗೆಳತಿಯರೇ ಹೆಚ್ಚಿರುವುದು, ವಯಸ್ಸಾದರೂ ಒಂಟಿಯಾಗಿರುವುದು. ಹೆಂಗಸಾದರೆ ಗಿಡ್ಡ ಕೂದಲು, ಅಲಂಕಾರ ಬೇಡ ಅನ್ನುವುದು, ಅಗಲ ಹೆಜ್ಜೆ ಹಾಕಿ ನಡೆಯುವುದು. ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಯಾವುದೂ ಆ ಮನುಷ್ಯ ಯಾರನ್ನು ಪ್ರೀತಿಸುತ್ತಾನೆ ಅನ್ನುವುದನ್ನು ಹೇಳುವುದಿಲ್ಲ. ಗಂಡಸು ಹೀಗಿರಬೇಕು, ಹೆಂಗಸು ಹಾಗಿರಬೇಕು ಎಂದು ನಾವು ಹಾಕಿದ ಗೆರೆಯಿಂದ ಅವರು ಎಷ್ಟು ಆಚೆ ಇದ್ದಾರೆ ಅನ್ನುವುದನ್ನಷ್ಟೇ ಹೇಳುತ್ತದೆ. ನಾವು ಅಳೆಯುವುದು ಒಂದನ್ನು, ತೀರ್ಪು ಕೊಡುವುದು ಇನ್ನೊಂದರ ಬಗ್ಗೆ.

ಇವೆರಡರ ನಡುವೆ ನಂಟೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ತಾವು ಬೇರೆ ಹುಡುಗರ ಹಾಗೆ ಇರಲಿಲ್ಲ, ಬೇರೆ ಹುಡುಗಿಯರ ಹಾಗೆ ಇರಲಿಲ್ಲ ಎಂದು ನೆನಪಿಸಿಕೊಳ್ಳುವ ಗೇ ಮತ್ತು ಲೆಸ್ಬಿಯನ್ ಜನ ಬಹಳ ಇದ್ದಾರೆ. ಹಾಗೆ ಇಲ್ಲದವರೂ ಬಹಳ ಇದ್ದಾರೆ. ಹಾಗಿದ್ದೂ ಸ್ಟ್ರೇಟ್ ಆಗಿರುವವರೂ ಬಹಳ ಇದ್ದಾರೆ. ಈ ಕೊನೆಯ ಗುಂಪು ಯಾವಾಗಲೂ ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಸಿಕ್ಕಿದ್ದನ್ನೂ ಮುಚ್ಚಿಡದೆ ಹೇಳಬೇಕು. 1999ರಲ್ಲಿ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ದನಿ ಇಲ್ಲದ ಹತ್ತು ಸೆಕೆಂಡಿನ ವಿಡಿಯೊ, ಒಂದು ಸೆಕೆಂಡಿನ ವಿಡಿಯೊ, ಬರೀ ಸ್ಥಿರಚಿತ್ರ ಹೀಗೆ ತೋರಿಸಿ, ಇವರ ಒಲವು ಏನಿರಬಹುದು ಎಂದು ಕೇಳಿದರು. ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತರಗಳು ಜಾಸ್ತಿ ಸರಿ ಇದ್ದವು. 2008ರಲ್ಲಿ ನಿಕೊಲಸ್ ರೂಲ್ ಮತ್ತು ಅಂಬಾಡಿ ಗಂಡಸರ ಮುಖವನ್ನು ಕೇವಲ 50 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತೋರಿಸಿದರು. ಆಗಲೂ ಹಾಗೇ ಆಯಿತು. 2012ರಲ್ಲಿ ಜೋಶುವಾ ಟಬಾಕ್ ಮತ್ತು ವಿವಿಯನ್ ಜಾಯಸ್ ಕೂದಲನ್ನು ಕತ್ತರಿಸಿ ತೆಗೆದ, ಕನ್ನಡಕ, ಮೇಕಪ್ ಯಾವುದೂ ಇಲ್ಲದ ಮುಖಗಳನ್ನು ಬಳಸಿದರು. ಹೆಂಗಸರ ಮುಖ ನೋಡಿ ಹೇಳಿದ್ದು ಸುಮಾರು ಶೇ. 65ರಷ್ಟು ಸರಿ, ಗಂಡಸರ ಮುಖ ನೋಡಿ ಹೇಳಿದ್ದು ಶೇ. 57ರಷ್ಟು ಸರಿ.

ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ "ಗೇಡಾರ್ ನಿಜ" ಎಂಬ ತಲೆಬರಹ ಇರುತ್ತದೆ. ಓದಿದವರು "ನಾನು ಹೇಳಿರ್ಲಿಲ್ವಾ?" ಅನ್ನುತ್ತಾರೆ. ಆದರೆ ಆ ಸಂಖ್ಯೆಗಳ ಹಿಂದೆ ಒಂದು ಮುಖ್ಯ ಸಂಗತಿ ಇದೆ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅರ್ಧ ಜನ ಗೇ, ಅರ್ಧ ಜನ ಸ್ಟ್ರೇಟ್ ಇರುವಂತೆ ಫೋಟೋಗಳನ್ನು ಹೊಂದಿಸಿರುತ್ತಾರೆ. ನಾವು ಬದುಕುವ ಜಗತ್ತು ಹಾಗೆ ಅರ್ಧಕ್ಕರ್ಧ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರು ಮತ್ತೆ ಮೊದಲಿನಷ್ಟು ಧೈರ್ಯದಿಂದ ಅಂದಾಜು ಮಾಡಲಾರರು ಎಂದು ನನ್ನ ನಂಬಿಕೆ. ಒಂದು ಸಾವಿರ ಜನ ಇದ್ದಾರೆ ಎಂದುಕೊಳ್ಳಿ. ಲೆಕ್ಕಕ್ಕೆ ಅಂತ ಅವರಲ್ಲಿ 50 ಜನ ಸಲಿಂಗಿಗಳು, 950 ಜನ ಅಲ್ಲ ಎಂದು ಇಟ್ಟುಕೊಳ್ಳೋಣ. ನಿಮ್ಮ ಅಂದಾಜು ನೂರಕ್ಕೆ ಅರುವತ್ತು ಸಲ ಸರಿ. 50 ಸಲಿಂಗಿಗಳಲ್ಲಿ 30 ಜನರನ್ನು ನೀವು ಸರಿಯಾಗಿ ಗುರುತಿಸುತ್ತೀರಿ. 20 ಜನ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನು ಆ 950 ಜನರ ಕಡೆ ಬನ್ನಿ. ಅವರಲ್ಲಿ ನೂರಕ್ಕೆ ನಲವತ್ತು ಸಲ ನೀವು ತಪ್ಪುತ್ತೀರಿ. ಅಂದರೆ 380 ಜನರನ್ನು ಸಲಿಂಗಿಗಳು ಎಂದು ತಪ್ಪಾಗಿ ಬೆರಳು ಮಾಡುತ್ತೀರಿ. ಒಟ್ಟು ನೀವು ಬೆರಳು ಮಾಡಿದ್ದು 410 ಜನರ ಕಡೆಗೆ. ಅದರಲ್ಲಿ ನಿಜವಾಗಿದ್ದು 30. ನೂರರಲ್ಲಿ ಏಳು!

ಅಂದಾಜನ್ನು ಇನ್ನೂ ಚುರುಕು ಮಾಡಿ. ನೂರಕ್ಕೆ ತೊಂಬತ್ತು ಸಲ ಸರಿ ಎಂದೇ ಇಟ್ಟುಕೊಳ್ಳಿ. ಆಗ 45 ಜನರನ್ನು ಸರಿಯಾಗಿ ಹೇಳುತ್ತೀರಿ, 95 ಜನರ ಮೇಲೆ ತಪ್ಪಾಗಿ ಹೇಳುತ್ತೀರಿ. "ಇವರು ಖಂಡಿತ" ಎಂದ ಪ್ರತಿ ಮೂವರಲ್ಲಿ ಇಬ್ಬರು ಅಲ್ಲ. ಇದಕ್ಕೆ ಕಾರಣ ನಿಮ್ಮ ಕಣ್ಣಿನ ದೋಷ ಅಲ್ಲ. ಒಂದು ಗುಂಪು ಚಿಕ್ಕದು, ಇನ್ನೊಂದು ಬಹಳ ದೊಡ್ಡದು. ದೊಡ್ಡ ಗುಂಪಿನಲ್ಲಿ ಸಣ್ಣ ಪ್ರಮಾಣದ ತಪ್ಪು ಆದರೂ ಅದು ಚಿಕ್ಕ ಗುಂಪನ್ನೇ ಮುಳುಗಿಸುತ್ತದೆ.

ಯಂತ್ರ ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯಿಲುನ್ ವಾಂಗ್ ಮತ್ತು ಮಿಖಾಲ್ ಕೊಸಿನ್ಸ್ಕಿ ಅವರ ಅಧ್ಯಯನ ದೊಡ್ಡ ಗಲಾಟೆ ಎಬ್ಬಿಸಿತು. ಡೇಟಿಂಗ್ ಸೈಟಿನ ಫೋಟೋಗಳನ್ನು ಕಂಪ್ಯೂಟರಿಗೆ ಉಣಿಸಿ, ಮುಖ ನೋಡಿ ಒಲವು ಹೇಳುವುದನ್ನು ಕಲಿಸಿದ್ದರು. ಒಬ್ಬ ಗೇ, ಒಬ್ಬ ಸ್ಟ್ರೇಟ್ ಗಂಡಸಿನ ಫೋಟೋ ಜೊತೆಯಾಗಿ ಕೊಟ್ಟರೆ ಯಾರು ಯಾರು ಎಂದು ಅದು ಶೇ. 81ರಷ್ಟು ಸಲ ಸರಿಯಾಗಿ ಹೇಳಿತು. ಹೆಂಗಸರಲ್ಲಿ ಶೇ. 71. ಒಬ್ಬೊಬ್ಬರದ್ದೂ ಐದೈದು ಫೋಟೋ ಕೊಟ್ಟರೆ ಶೇ. 91 ಮತ್ತು ಶೇ. 83. ಅದೇ ಕೆಲಸ ಮನುಷ್ಯರಿಗೆ ಕೊಟ್ಟಾಗ ಸಿಕ್ಕಿದ್ದು ಶೇ. 61 ಮತ್ತು ಶೇ. 54. ಇಷ್ಟು ಮಾತ್ರ ಸುದ್ದಿಯಾಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಸಾವಿರ ಗಂಡಸರಲ್ಲಿ 70 ಜನ ಗೇ ಇರುವಂತೆ ಮಾಡಿ, ಯಾರು ಗೇ ಆಗಿರುವ ಸಂಭವ ಅತಿ ಹೆಚ್ಚೋ ಅಂಥ ನೂರು ಜನರನ್ನು ಆರಿಸು ಎಂದಾಗ ಯಂತ್ರ ಸರಿಯಾಗಿ ಆರಿಸಿದ್ದು 47 ಜನರನ್ನು. ಉಳಿದ 53 ಜನ ಗೇ ಅಲ್ಲ.

ಯಂತ್ರ ಮುಖದಲ್ಲಿ ಏನನ್ನು ನೋಡಿತು ಅನ್ನುವುದು ಇನ್ನೂ ಮುಖ್ಯ. ಆ ಅಧ್ಯಯನದಲ್ಲಿ ಇದ್ದದ್ದು ಬಿಳಿಯರ ಮುಖಗಳು ಮಾತ್ರ. ಫೋಟೋಗಳು ಸಂಗಾತಿ ಹುಡುಕುವವರು ತಾವೇ ಆರಿಸಿ ಹಾಕಿದ್ದು. ಬ್ಲೇಸ್ ಅಗ್ವೆರಾ ಇ ಆರ್ಕಸ್, ಮಾರ್ಗರೆಟ್ ಮಿಚೆಲ್, ಅಲೆಕ್ಸಾಂಡರ್ ಟೊಡೊರೊವ್ ಎಂಬ ಮೂವರು ಸಂಶೋಧಕರು ಇದನ್ನು ಬಿಡಿಸಿ ನೋಡಿದರು. ಮೇಕಪ್, ಕನ್ನಡಕ, ಗಡ್ಡ, ಕ್ಯಾಮೆರಾ ಹಿಡಿಯುವ ಕೋನ, ಇಂಥವುಗಳಲ್ಲೇ ವ್ಯತ್ಯಾಸದ ಬಹುಪಾಲು ಅಡಗಿದೆ ಎಂದು ತೋರಿಸಿದರು. ಕ್ಯಾಮೆರಾವನ್ನು ಸ್ವಲ್ಪ ಕೆಳಗಿನಿಂದ ಹಿಡಿದರೆ ದವಡೆ ದೊಡ್ಡದಾಗಿ ಕಾಣುತ್ತದೆ, ಮೇಲಿನಿಂದ ಹಿಡಿದರೆ ಹಣೆ ದೊಡ್ಡದಾಗುತ್ತದೆ. ಮುಖದ ಮೂಳೆಯಲ್ಲಿ ಬರೆದಿದೆ ಎಂದು ಜನ ಅಂದುಕೊಂಡದ್ದು ಫೋಟೋ ತೆಗೆಯುವ ರೂಢಿಯಲ್ಲಿತ್ತು. ಅದಕ್ಕೂ ಮೊದಲು, 2016ರಲ್ಲಿ, ವಿಲಿಯಂ ಕಾಕ್ಸ್ ಮತ್ತು ಜೊತೆಗಾರರು ಇಂಥದ್ದೇ ಒಂದನ್ನು ಕಂಡುಕೊಂಡಿದ್ದರು. ಹಳೆಯ ಪ್ರಯೋಗಗಳಂತೆ ಅವರು ಬಳಸಿದ ಪ್ರೊಫೈಲ್ ಫೋಟೋಗಳಲ್ಲಿ ಗೇ ಮತ್ತು ಲೆಸ್ಬಿಯನ್ ಜನರ ಫೋಟೋಗಳ ಗುಣಮಟ್ಟವೇ ಹೆಚ್ಚು ಚೆನ್ನಾಗಿತ್ತು. ಆ ವ್ಯತ್ಯಾಸವನ್ನು ಸರಿದೂಗಿಸಿದಾಗ ಜನರ ಅಂದಾಜು ನಾಣ್ಯ ಚಿಮ್ಮಿದ ಮಟ್ಟಕ್ಕೇ ಇಳಿಯಿತು.

ಮನುಷ್ಯ ತಾನಾಗಿ ತೋರಿಸಿಕೊಳ್ಳುವುದು ಬೇರೆ, ನಾವು ಅವನಿಂದ ಕಿತ್ತು ತೆಗೆಯುವುದು ಬೇರೆ. ಸಂಗಾತಿ ಬೇಕು ಎಂದು ಫೋಟೋ ಹಾಕಿದವನು ತನ್ನಂಥವರಿಗೆ ಕಾಣಲಿ ಎಂದೇ ಹಾಕಿರುತ್ತಾನೆ. ಅದನ್ನು ಎತ್ತಿಕೊಂಡು ಬಂದು "ಮುಖದಲ್ಲೇ ಗೊತ್ತಾಗುತ್ತದೆ" ಅಂದರೆ, ಅವನು ಆಡಿದ ಮಾತನ್ನೇ ಅವನ ವಿರುದ್ಧದ ಸಾಕ್ಷಿ ಮಾಡಿದ ಹಾಗೆ ಆಗುತ್ತದೆ.

ಇಷ್ಟು ತಪ್ಪಿದರೂ ನಮ್ಮ ಅಂದಾಜಿನ ಮೇಲೆ ನಮಗೆ ಇಷ್ಟು ನಂಬಿಕೆ ಯಾಕೆ? ಯಾಕೆಂದರೆ ತಪ್ಪಿದ್ದು ನಮಗೆ ತಿಳಿಯುವುದೇ ಇಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ನಮ್ಮ ಊಹೆ ಸುಳ್ಳಾದರೆ ಬೇಗ ಗೊತ್ತಾಗುತ್ತದೆ. ಇದರಲ್ಲಿ ಹಾಗಲ್ಲ. ನಾವು ಗೇ ಎಂದುಕೊಂಡ ಸ್ಟ್ರೇಟ್ ಗಂಡಸು ಬಂದು ತಿದ್ದುವುದಿಲ್ಲ. ನಮ್ಮ ತಲೆಯಲ್ಲಿ ಏನಿದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ತಿದ್ದಿದರೂ "ಮುಚ್ಚಿಡ್ತಿದಾನೆ" ಅನ್ನುತ್ತೇವೆ. ನಾವು ಸ್ಟ್ರೇಟ್ ಎಂದುಕೊಂಡ ಗೇ ವ್ಯಕ್ತಿಯಂತೂ ಸುಮ್ಮನೇ ಇರುತ್ತಾನೆ, ಸುಮ್ಮನಿರಲು ಅವನಿಗೆ ನೂರು ಕಾರಣಗಳಿವೆ. ಯಾವಾಗಲೋ ಒಂದು ಊಹೆ ನಿಜ ಎಂದು ತಿಳಿದಾಗ ಮಾತ್ರ ಅದನ್ನು ಎತ್ತಿಟ್ಟುಕೊಳ್ಳುತ್ತೇವೆ. ಸರಿಯಾದದ್ದು ಮಾತ್ರ ನೆನಪಿನಲ್ಲಿ ಉಳಿದರೆ ಯಾರಿಗಾದರೂ ತಾನು ಜಾಣ ಅನ್ನಿಸುತ್ತದೆ.

ನನ್ನ ಹತ್ತಿರದ ಗೆಳೆಯನೊಬ್ಬ ಗೇ. ಈ ಬರಹದಲ್ಲಿ ತನ್ನ ವಿಷಯ ಹೇಳಲು ಅವನ ಒಪ್ಪಿಗೆ ಇದೆ. ಅವನ ಕೆಲಸದ ಜಾಗದಲ್ಲಿ ಇನ್ನೊಬ್ಬ ಇದ್ದ. ಮೆದು ದನಿ, ನಾಜೂಕು ನಡವಳಿಕೆ. ಎಲ್ಲರೂ ಊಟಕ್ಕೆ ಕೂತಾಗ ಆ ಇನ್ನೊಬ್ಬನ ಬಗ್ಗೆ ಮಾತು ಬರುತ್ತಿತ್ತು. ಅವನ ನಡಿಗೆಯನ್ನು ಯಾರೋ ಅಣಕಿಸುತ್ತಿದ್ದರು. ಬೇರೆಯವರು ನಗುತ್ತಿದ್ದರು. ಆ ಇನ್ನೊಬ್ಬ ಸ್ಟ್ರೇಟ್. ಹೆಂಡತಿ ಮಕ್ಕಳಿದ್ದರೂ ಜನ ನಂಬುತ್ತಿರಲಿಲ್ಲ, ಮದುವೆಯನ್ನೇ ನಾಟಕ ಅನ್ನುತ್ತಿದ್ದರು. ನನ್ನ ಗೆಳೆಯ ಅದೇ ಮೇಜಿನ ಹತ್ತಿರ ಕೂತು ಊಟ ಮಾಡುತ್ತಿದ್ದ. ದಪ್ಪ ದನಿ, ಒರಟು ಮಾತು. ಅವನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. "ಅವರು ಅವನನ್ನ ಬೈತಿದ್ದ ಹೆಸರು ನನ್ನದು. ನನ್ನ ಪಾಲಿನದ್ದನ್ನ ಅವನು ತಿಂತಿದ್ದ, ನಾನು ಪಕ್ಕದಲ್ಲೇ ಕೂತಿದ್ದೆ" ಎಂದು ಅವನು ನನಗೆ ಹೇಳಿದ. ಒಂದು ದಿನ ಅಣಕಿಸುವವನಿಗೆ "ಸಾಕು ನಿಲ್ಸು" ಎಂದನಂತೆ. "ನಿನಗ್ಯಾಕಪ್ಪ ಇಷ್ಟು ಉರಿ?" ಎಂದು ಆ ಕಡೆಯಿಂದ ಬಂತು. ಆಮೇಲೆ ನನ್ನ ಗೆಳೆಯ ಒಬ್ಬನೇ ಊಟ ಮಾಡಲು ಶುರುಮಾಡಿದ.

ಒಂದೇ ಮೇಜಿನ ಸುತ್ತ ಎರಡು ಬಗೆಯ ತಪ್ಪೂ ಆಗಿತ್ತು. ಇಬ್ಬರಿಗೂ ನೋವಾಗಿತ್ತು. ಅಂದಾಜು ಮಾಡಿದವರಿಗೆ ಮಾತ್ರ ಏನೂ ಆಗಲಿಲ್ಲ.

ಅಂದಾಜು ಮಾಡುವುದು ತಮಾಷೆ, ಅದರಿಂದ ಯಾರಿಗೂ ತೊಂದರೆ ಇಲ್ಲ ಎನ್ನುವವರಿಗೆ ಕಾಕ್ಸ್ ಮತ್ತು ಪೆಟ್ರಿಶಿಯಾ ಡಿವೈನ್ ಮಾಡಿದ ಇನ್ನೊಂದು ಪ್ರಯೋಗದ ಬಗ್ಗೆ ಹೇಳಬೇಕು. ಒಂದು ಆಟದಲ್ಲಿ, ಬೇರೆ ಕೋಣೆಯಲ್ಲಿದ್ದಾನೆ ಎಂದು ಹೇಳಲಾದ ವ್ಯಕ್ತಿಗೆ ಜನ ವಿದ್ಯುತ್ ಶಾಕ್ ಕೊಡಬಹುದಿತ್ತು. ಆ ವ್ಯಕ್ತಿ ಗೇ ಎಂದು ಕೆಲವರಿಗೆ ನೇರವಾಗಿ ತಿಳಿಸಿದರು. ಇನ್ನು ಕೆಲವರಿಗೆ ಅವನಿಗೆ ಶಾಪಿಂಗ್ ಇಷ್ಟ ಎಂದಷ್ಟೇ ತಿಳಿಸಿದರು. ಒಳಗೆ ದ್ವೇಷ ಇದ್ದು ಹೊರಗೆ ತೋರಿಸಿಕೊಳ್ಳದವರು, ಗೇ ಎಂದು ನೇರವಾಗಿ ತಿಳಿದಾಗ ಕೈ ಹಿಡಿದುಕೊಂಡರು. ಶಾಪಿಂಗ್ ಇಷ್ಟಪಡುವವನಿಗೆ ಮಾತ್ರ ಜೋರು ಶಾಕ್ ಕೊಟ್ಟರು. ಅವನು ಗೇ ಎಂದು ತಮಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಅಲ್ಲಿ ದಾರಿ ಇತ್ತು. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ಊಹೆ ಅನ್ನುವುದನ್ನು ನಾನು ಬೇರೆ ರೀತಿ ನೋಡುತ್ತೇನೆ. ಅದು ತಿಳಿದುಕೊಳ್ಳುವ ದಾರಿ ಅಷ್ಟೇ ಅಲ್ಲ, ಹೊಣೆ ಹೊರದೆ ನೋಯಿಸುವ ದಾರಿಯೂ ಹೌದು. ಕೆಲಸ ಸಿಗದವನಿಗೆ, ಮನೆ ಬಾಡಿಗೆಗೆ ಸಿಗದವನಿಗೆ "ಯಾಕೋ ಸರಿಹೋಗ್ಲಿಲ್ಲ" ಅನ್ನುವ ಕಾರಣ ಮಾತ್ರ ಸಿಗುತ್ತದೆ. ದನಿಯ ಮೇಲೂ ಇಂಥ ಅಧ್ಯಯನ ಆಗಿದೆ. ಫಾಬಿಯೊ ಫಾಸೋಲಿ, ಆ್ಯನ್ ಮಾಸ್ ಮತ್ತು ಜೊತೆಗಾರರು ಜನರಿಗೆ ದನಿ ಕೇಳಿಸಿ ಅಭಿಪ್ರಾಯ ಕೇಳಿದಾಗ, ಗೇ ಎಂದು ಕೇಳಿಸುವ ದನಿಯವರು ನಾಯಕತ್ವದ ಹುದ್ದೆಗೆ ಅಷ್ಟು ಸರಿಹೋಗುವುದಿಲ್ಲ ಎಂದು ಕೇಳುಗರು ಅಂದುಕೊಂಡರು. ಆ ದನಿಯವರು ನಿಜಕ್ಕೂ ಗೇ ಹೌದೋ ಅಲ್ಲವೋ ಎಂದು ಯಾರು ತಾನೇ ಕೇಳುತ್ತಾರೆ?

ಸರ್ಕಾರಗಳು ಊಹೆಗೆ ಇಳಿದಾಗ ಏನಾಗುತ್ತದೆ ಎಂದು ಕೆನಡಾದಲ್ಲಿ ನೋಡಬಹುದು. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ನೌಕರರಲ್ಲಿ ಸಲಿಂಗಿಗಳನ್ನು ಹುಡುಕಲು ಒಂದು ಯಂತ್ರ ಮಾಡಿಸಲು ಹಣ ಕೊಟ್ಟಿತು. ಕಾರ್ಲ್‌ಟನ್ ವಿಶ್ವವಿದ್ಯಾಲಯದ ಫ್ರಾಂಕ್ ರಾಬರ್ಟ್ ವೇಕ್ ಅದನ್ನು ರೂಪಿಸಿದರು. ಚಿತ್ರಗಳನ್ನು ತೋರಿಸಿ ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಂದು ಅಳೆಯುವುದು ಅದರ ಕೆಲಸ. ಪಾಪೆ ಬೆಳಕಿಗೂ ಹಿಗ್ಗಿ ಕುಗ್ಗುತ್ತದೆ. ಯಂತ್ರ ಕೆಲಸ ಮಾಡಲಿಲ್ಲ, 1967ರಲ್ಲಿ ಅದನ್ನು ಕೈಬಿಟ್ಟರು. ಅದು ಕೆಲಸ ಮಾಡದಿದ್ದರೂ ಬೇಟೆ ನಿಲ್ಲಲಿಲ್ಲ. ಪೊಲೀಸರು ಸಾವಿರಾರು ಜನರ ಮೇಲೆ ಫೈಲು ತೆರೆದಿದ್ದರು. ಎಷ್ಟೋ ಜನ ಕೆಲಸ ಕಳೆದುಕೊಂಡರು. 2017ರ ನವೆಂಬರ್ 28ರಂದು ಪ್ರಧಾನಿ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಆಸ್ಟ್ರಿಯಾದಲ್ಲಿ ಇದೇ ತಪ್ಪು ತಿರುಗುಮುರುಗಾಗಿ ನಡೆಯಿತು. 2018ರಲ್ಲಿ ಅಫ್ಘಾನಿಸ್ತಾನದ ಹದಿನೆಂಟು ವರ್ಷದ ಹುಡುಗನೊಬ್ಬ ತಾನು ಗೇ ಎಂದು ಆಶ್ರಯ ಕೇಳಿದ್ದ. ನಿನ್ನ ನಡಿಗೆ, ವರ್ತನೆ, ಬಟ್ಟೆ ಯಾವುದರಲ್ಲೂ ನೀನು ಗೇ ಆಗಿರಬಹುದು ಎಂದು ಕಾಣುವುದಿಲ್ಲ ಎಂದು ಅಧಿಕಾರಿ ಬರೆದರು. ಜಗಳ ಮಾಡಿದ್ದೂ, ಹೆಚ್ಚು ಗೆಳೆಯರಿಲ್ಲದೆ ಒಂಟಿಯಾಗಿ ಇದ್ದದ್ದೂ ಅವನ ವಿರುದ್ಧದ ಕಾರಣಗಳಾದವು. ಅದನ್ನು ಓದಿ ನನಗೆ ಬಹಳ ಹೊತ್ತು ಸಿಟ್ಟು ಇಳಿಯಲಿಲ್ಲ. ಹೊಡೆತ ತಪ್ಪಿಸಿಕೊಳ್ಳಲು ಹುಟ್ಟಿದಾಗಿನಿಂದ ಗಂಡಸಿನ ಹಾಗೆ ನಡೆಯಲು ಕಲಿತ ಹುಡುಗನಿಗೆ, ಗೇ ಹಾಗೆ ಯಾಕೆ ನಡೆಯುವುದಿಲ್ಲ ಎಂದು ಕೇಳಿದ್ದಲ್ವಾ ಇದು?

ಗೇ ಜನರೇ ಒಬ್ಬರನ್ನೊಬ್ಬರು ಗುರುತಿಸುವುದಿಲ್ಲವೇ, ಅದನ್ನೂ ತಪ್ಪು ಅನ್ನುತ್ತೀರಾ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಂಬಾಡಿ ಅವರ ಅಧ್ಯಯನದಲ್ಲೂ, ಸ್ಥಿರಚಿತ್ರ ಮತ್ತು ಒಂದು ಸೆಕೆಂಡಿನ ವಿಡಿಯೊ ನೋಡಿ ಹೇಳುವಾಗ, ಗೇ ಮತ್ತು ಲೆಸ್ಬಿಯನ್ ಜನರ ಅಂದಾಜು ಬೇರೆಯವರಿಗಿಂತ ಚೆನ್ನಾಗಿತ್ತು. ಅವರಿಗೆ ಅದು ಬೇಕಾದ ವಿದ್ಯೆ. ತನ್ನಂಥವರು ಯಾರು ಎಂದು ತಿಳಿಯದೆ ಸಂಗಾತಿ ಹುಡುಕುವುದು ಹೇಗೆ? ಗೆಳೆತನ ಮಾಡುವುದು ಹೇಗೆ? ತಪ್ಪು ಮನುಷ್ಯನ ಹತ್ತಿರ ಬಾಯಿ ಬಿಟ್ಟರೆ ಪೆಟ್ಟು ಬೀಳುತ್ತದೆ, ಕೆಲವು ದೇಶಗಳಲ್ಲಿ ಜೈಲು, ಪ್ರಾಣವೇ ಹೋಗಬಹುದು. ಅದಕ್ಕೇ ಅವರು ಕಣ್ಣೋಟದಲ್ಲಿ, ಮಾತಿನ ನಡುವಿನ ಒಂದು ಸುಳಿವಿನಲ್ಲಿ, ಹಿಂದೆ ಕೆಲವು ಕಡೆ ಕರ್ಚೀಪಿನ ಬಣ್ಣದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ನನ್ನ ಗೆಳೆಯ ಇದನ್ನು ವಿವರಿಸಿದ್ದು ನನಗೆ ಇಷ್ಟವಾಯಿತು. ಒಬ್ಬನ ಬಗ್ಗೆ ಅನುಮಾನ ಬಂದರೆ ಅವನು ಮೊದಲು ತನ್ನದೇ ಒಂದು ಸಣ್ಣ ಸುಳಿವು ಬಿಡುತ್ತಾನೆ. ಎದುರಿನವನು ಹಿಡಿದುಕೊಂಡರೆ ಇನ್ನೊಂದು. ಹಿಡಿಯದಿದ್ದರೆ ಅಲ್ಲಿಗೆ ಬಿಡುತ್ತಾನೆ, ಯಾರ ಹತ್ತಿರವೂ ಹೇಳುವುದಿಲ್ಲ. ಅಲ್ಲಿ ಅಂದಾಜು ಒಂದು ಪ್ರಶ್ನೆಯಾಗಿಯೇ ಉಳಿಯುತ್ತದೆ. ಊಹೆ ತಪ್ಪಿದರೆ ಅಪಾಯ ಊಹಿಸಿದವನಿಗೇ. ಊಟದ ಮೇಜಿನ ಸುತ್ತ ಕೂತವರದ್ದು ಹಾಗಲ್ಲ.

ಊಹೆಯಲ್ಲಿ ಜಾಗವೇ ಸಿಗದವರೂ ಇದ್ದಾರೆ. ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವ ಬೈಸೆಕ್ಷುಯಲ್ ಜನ. ಅಮೆರಿಕದ ಸಂಶೋಧಕ ಆಲ್ಫ್ರೆಡ್ ಕಿನ್ಸೆ 1948ರಲ್ಲೇ ಲೈಂಗಿಕ ಒಲವಿಗೆ ಸೊನ್ನೆಯಿಂದ ಆರರವರೆಗಿನ ಅಳತೆಪಟ್ಟಿ ಮಾಡಿ, ಜನ ಎರಡು ಗುಂಪುಗಳಾಗಿ ಒಡೆದು ನಿಂತಿಲ್ಲ ಎಂದು ತೋರಿಸಿದರು. ನಾವು ಇನ್ನೂ ಎರಡೇ ಪೆಟ್ಟಿಗೆ ಇಟ್ಟುಕೊಂಡಿದ್ದೇವೆ. ಹೆಂಗಸೊಬ್ಬಳು ಇವತ್ತು ಗಂಡಸಿನ ಜೊತೆ ಇದ್ದರೆ ಸ್ಟ್ರೇಟ್, ನಾಳೆ ಹೆಂಗಸಿನ ಜೊತೆ ಕಂಡರೆ "ಮೊದಲಿಂದ ಸುಳ್ಳು ಹೇಳ್ತಿದ್ಲು." ಅವಳು ಎರಡೂ ದಿನ ಒಬ್ಬಳೇ, ಅದೇ ಮನುಷ್ಯಳು. ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿ ಅವಳಿಗೆ ಹೆಸರಿಟ್ಟವರು ನಾವು.

ಇಷ್ಟು ಹೊತ್ತು ತಪ್ಪಾದ ಊಹೆಗಳ ಬಗ್ಗೆ ಬರೆದೆ. ಸರಿಯಾದ ಊಹೆಯ ಬಗ್ಗೆ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಊಹೆ ಸರಿಯಾಗಿದ್ದರೆ ಜನ ಹೆಮ್ಮೆಯಿಂದ ಒಂದು ಮಾತು ಹೇಳುತ್ತಾರೆ: "ನನಗೆ ಮೊದಲೇ ಗೊತ್ತಿತ್ತು." ಒಬ್ಬ ವರ್ಷಗಟ್ಟಲೆ ಧೈರ್ಯ ಕೂಡಿಸಿಕೊಂಡು, ರಾತ್ರಿ ನಿದ್ದೆಗೆಟ್ಟು, ಹತ್ತಾರು ಸಲ ಬಾಯಿಯವರೆಗೆ ತಂದು ನುಂಗಿ, ಕೊನೆಗೆ ಹೇಳುತ್ತಾನೆ. ಕೇಳಿದವರು ಪ್ರೀತಿಯಿಂದಲೇ ಆ ಮಾತು ಹೇಳಬಹುದು. ಚಿಂತೆ ಮಾಡಬೇಡ, ನನಗೇನೂ ಆಶ್ಚರ್ಯವಿಲ್ಲ, ನೀನು ನನಗೆ ಅದೇ ಮನುಷ್ಯ ಅನ್ನುವ ಅರ್ಥ ಅದರಲ್ಲಿ ಇರಬಹುದು. ಹೇಳಿದವನಿಗೆ ಬೇರೆಯೂ ಕೇಳಿಸುತ್ತದೆ. ಹಾಗಾದರೆ ಇಷ್ಟು ದಿನ ನನ್ನನ್ನು ಗಮನಿಸುತ್ತಿದ್ದಿರಾ? ಬೇರೆ ಯಾರ ಹತ್ತಿರ ಹೇಳಿದ್ದೀರಿ? ಇನ್ನು ಯಾರಿಗೆಲ್ಲ ಕಂಡಿರಬಹುದು? ನನ್ನ ಗೆಳೆಯ ಒಬ್ಬ ಹಳೆಯ ಸ್ನೇಹಿತನಿಗೆ ಹೇಳಿದಾಗ ಈ ಉತ್ತರವೇ ಬಂತು. ಆಮೇಲೆ ತನ್ನ ನಡಿಗೆ, ತನ್ನ ಕೈ, ತನ್ನ ನಗು ಎಲ್ಲದರ ಮೇಲೂ ಅವನಿಗೆ ಅನುಮಾನ ಶುರುವಾಯಿತು. ಕನ್ನಡಿಯ ಮುಂದೆ ನಿಂತು ಎಲ್ಲಿ ಸಿಕ್ಕಿಬಿದ್ದೆ ಎಂದು ಹುಡುಕುತ್ತಿದ್ದನಂತೆ. ನಿಜವಾಗಿ ಆ ಸ್ನೇಹಿತನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಉತ್ತರ ಸಿಕ್ಕ ಮೇಲೆ ಹಳೆಯ ನೆನಪುಗಳೆಲ್ಲ ಆ ಉತ್ತರದ ಕಡೆಗೇ ತಿರುಗಿ ನಿಲ್ಲುತ್ತವೆ, ಎಲ್ಲರಿಗೂ ಹಾಗೇ.

ಆಶ್ರಯದ ಪ್ರಕರಣಗಳ ಬಗ್ಗೆ ಅದೇ ಯುರೋಪಿಯನ್ ನ್ಯಾಯಾಲಯ 2014ರ ಡಿಸೆಂಬರ್ 2ರಂದು ಇನ್ನೊಂದು ತೀರ್ಪು ಕೊಟ್ಟಿತ್ತು. ಒಬ್ಬ ತನ್ನ ಒಲವಿನ ಬಗ್ಗೆ ಮೊದಲ ಸಲವೇ ಹೇಳಲಿಲ್ಲ, ತಡವಾಗಿ ಹೇಳಿದ ಅನ್ನುವ ಒಂದೇ ಕಾರಣಕ್ಕೆ ಅವನ ಮಾತು ನಂಬಲು ಅರ್ಹವಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ ಎಂದು ಅದರಲ್ಲಿದೆ. ಅದನ್ನು ಓದಿದಾಗ ಮನೆಗಳಿಗೂ ಈ ಮಾತು ಹೊಂದುತ್ತದೆ ಅನ್ನಿಸಿತು. ಯಾವಾಗ ಹೇಳಬೇಕು, ಯಾರಿಗೆ ಮೊದಲು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು, ಹೇಳಲೇಬೇಕಾ ಬೇಡವಾ, ಇದೆಲ್ಲ ಅವರದ್ದು. ಊಹೆ ಅದನ್ನು ಅವರ ಕೈಯಿಂದ ಕಸಿದುಕೊಳ್ಳುತ್ತದೆ. ಸರಿಯಾದ ಊಹೆ ಇನ್ನೂ ಜಾಸ್ತಿ ಕಸಿದುಕೊಳ್ಳುತ್ತದೆ.

ಗೆಳೆಯ ಆಮೇಲೆ ಅಕ್ಕನಿಗೆ ಹೇಳಿದ. ಅವಳಿಗೂ ಒಳಗೊಳಗೆ ಅನುಮಾನ ಇದ್ದಿರಬಹುದು, ಅದನ್ನು ಅವಳು ಹೇಳಲಿಲ್ಲ. "ಎಷ್ಟು ದಿನದಿಂದ ಒಬ್ಬನೇ ಇಟ್ಕೊಂಡಿದ್ಯೋ?" ಎಂದು ಕೇಳಿದಳು. ಆ ಪ್ರಶ್ನೆಯಿಂದ ಮಾತು ಶುರುವಾಗಿ ತುಂಬಾ ಹೊತ್ತು ಹೋಯಿತು. ತನಗೆ ಯಾವಾಗ ಗೊತ್ತಾಯಿತು ಎಂದು ಅವನು ಹೇಳಿದ. ಕಾಲೇಜಿನಲ್ಲಿ ಯಾರನ್ನು ಇಷ್ಟಪಟ್ಟಿದ್ದ, ಅದು ಹೇಗೆ ಮುಗಿಯಿತು, ಆ ವರ್ಷ ಪರೀಕ್ಷೆಯಲ್ಲಿ ಯಾಕೆ ಫೇಲಾದ, ಎಲ್ಲ ಹೇಳಿದ. ಆ ವರ್ಷ ಮನೆಯವರೆಲ್ಲ ಅವನನ್ನು ಸೋಮಾರಿ ಎಂದು ಬೈದಿದ್ದರು. ಈಗ ಒಬ್ಬರ ಜೊತೆ ಇದ್ದೇನೆ, ಅವರ ಹೆಸರು ಇದು, ನಿನಗೆ ಪರಿಚಯ ಮಾಡಿಸಬೇಕು ಅಂತ ಆಸೆ ಎಂದೂ ಹೇಳಿದ. ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಅಕ್ಕನೂ ಹೇಳಿಲ್ಲ. ಅವನು ಹೇಳುವ ದಿನ ತಾನೂ ಪಕ್ಕದಲ್ಲಿ ಇರಬೇಕಾ ಎಂದು ಮಾತ್ರ ಕೇಳಿದ್ದಾಳೆ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾನೆ.